ಒಳಗಿನಿಂದ ಮೆತ್ತಿದ ಬಾಗಿಲು

ಇದು ನನ್ನ ಅಕ್ಕನ ಮನೆಯಲ್ಲೇ ಆದದ್ದು. ನಂಬೋದು ಬಿಡೋದು ನಿಮಗೆ ಸೇರಿದ್ದು.

ಭಾವ ಬೆಟ್ಟದ ತುದಿಯ ಗಣಿಯಲ್ಲಿ ಬಂಡೆಗೆ ಮದ್ದಿಡುವ ಮೇಸ್ತ್ರಿ. ಆ ಎತ್ತರದಲ್ಲಿ ಮರ ಹುಟ್ಟೋದಿಲ್ಲ. ಬರೀ ಹುಲ್ಲು, ಹುಲ್ಲಿನಡಿ ಬಿಲ, ಬಿಲದಲ್ಲಿ ಬೆಕ್ಕಿನ ಗಾತ್ರದ, ದಪ್ಪ ಅಳಿಲಿನಂಥ ಪ್ರಾಣಿಗಳು. ಮನುಷ್ಯರನ್ನು ಕಂಡರೆ ಶಿಳ್ಳೆ ಹೊಡೆಯುತ್ತವೆ. ಹಿಮ ಬಿದ್ದರೆ ಬಿಲದ ಬಾಯಿಗೆ ಒಳಗಿನಿಂದಲೇ ಹುಲ್ಲು, ಮಣ್ಣು ಮೆತ್ತಿಕೊಂಡು ತಿಂಗಳುಗಟ್ಟಲೆ ಮಲಗಿಬಿಡುತ್ತವೆ.

ಮದ್ದು ಹಾರಿಸೋ ಮುಂಚೆ ‘ಜಾಗ ಖಾಲಿ ಇದೆ’ ಅಂತ ಭಾವ ಫಾರಮ್ಮಿಗೆ ಸಹಿ ಹಾಕಬೇಕು. ಆವತ್ತು ಬುತ್ತಿ ಕಟ್ಟುತ್ತಾ ಅಕ್ಕ ಅಂದಳು, “ಮಲಗಿದ್ದಾವೆ ರೀ. ಎದ್ದ ಮೇಲೆ ಹೊಡೀರಿ.”

“ನಿದ್ದೇಲಿ ಹೋದ್ರೆ ಪುಣ್ಯ ಕಣೇ,” ಅಂತ ಭಾವ ನಕ್ಕರು. ಹೋಗಿ ಸಹಿ ಹಾಕಿದರು. ಇಡೀ ಇಳಿಜಾರೇ ಹಾರಿಹೋಯಿತು.

ರಾತ್ರಿ ಹಳೇ ಬಾವಿ ದಾಟಿ ಒಬ್ಬರೇ ಬರುತ್ತಿದ್ದರು. ಹಿಮದ ಮೇಲೆ ಬೂಟು ಕರ್… ಕರ್… ಬಾವಿಯೊಳಗಿಂದ ಸಣ್ಣಗೆ, ಫೀ… ಫೀ… ಭಾವ ನಿಂತರು. ಅದೂ ನಿಂತಿತು. ಆಮೇಲೆ ಕಾಲಡಿಯ ನೆಲದಲ್ಲಿ ಪರ ಪರ… ಪರ ಪರ… ಕೆರೆಯುವ ಸದ್ದು. ಅವರಿಗಿಂತ ಮುಂದೆ, ಮನೆ ಕಡೆಗೆ ಹೋಯಿತು.

ಬಾಗಿಲು ಜಗ್ಗಲಿಲ್ಲ. ಪಕ್ಕದ ಮನೆಯವನು ನಾನೇ, ಹಾರೆ ತಂದು ಮೀಟಿದೆ. ಸಂದಿನ ತುಂಬ ಹುಲ್ಲು, ಮಣ್ಣು… ಒಳಗಿನಿಂದ ಮೆತ್ತಿತ್ತು. ಮಣ್ಣು ಹಸಿಯಾಗಿತ್ತು. ಹೊರಗೆ ನೆಲ ಕಲ್ಲಿನ ಹಾಗೆ ಹೆಪ್ಪುಗಟ್ಟಿತ್ತು.

ಅಕ್ಕ ಮೂಲೆಯಲ್ಲಿ ಮುದುಡಿ ಮಲಗಿದ್ದಳು. ಮೈ ತಣ್ಣಗೆ. ಕೈ ಶುಭ್ರ, ಉಗುರಲ್ಲೂ ಮಣ್ಣಿಲ್ಲ. ಭಾವ ಮೂಗಿನ ಹತ್ತಿರ ಕಿವಿ ಇಟ್ಟು ಕಾದರು… ಕಾದರು…

“ಇದೆ ಕಣೋ… ಉಸಿರಿದೆ.”

ಎತ್ತಲು ಹೋದೆವು. ಇದ್ದ ಉಸಿರೂ ನಿಂತಿತು. ಕೆಳಗಿಟ್ಟ ಮೇಲೆ ಮತ್ತೆ ಬಂತು. ಡಾಕ್ಟರು ನಾಲ್ಕು ಸಲ ಬಂದರು, ಕೈ ಚೆಲ್ಲಿ ಹೋದರು. ಭಾವ ಕೆಲಸ ಬಿಟ್ಟು ಹೊಸ್ತಿಲಲ್ಲೇ ಕೂತರು. ಗೋಡೆಗೆ ಒಂದು ಮೊಳೆ ಹೊಡೆಯಲೂ ಬಿಡುತ್ತಿರಲಿಲ್ಲ. “ಮೆಲ್ಲಗೆ ಮಾತಾಡೋ. ಮಲಗಿದ್ದಾಳೆ.”

ಹಿಮ ಕರಗಿತು. ಅಕ್ಕ ಏಳಲಿಲ್ಲ. ನಿನ್ನೆ ಗಣಿಯವರು ಬಂದು ಹಿತ್ತಿಲ ಗೋಡೆಗೆ ಕೆಂಪು ಗುರುತು ಹಾಕಿದರು. ಮುಂದಿನ ಮದ್ದು ಅಲ್ಲಿಗಂತೆ. “ಒಳಗೆ ಜನ ಇದ್ದಾರೆ ಸ್ವಾಮಿ,” ಅಂದೆ. ಅವರು ಫಾರಂ ಚಾಚಿದರು.

ನನ್ನ ಕಣ್ಣಾರೆ ಓದಿದ್ದೀನಿ, ಸುಳ್ಳು ಹೇಳಿ ನನಗೇನಾಗಬೇಕು? ‘ಜಾಗ ಖಾಲಿ ಇದೆ’ ಅಂತಿತ್ತು. ಮೊನ್ನೆಯ ತಾರೀಕು. ಕೆಳಗೆ ಭಾವನದೇ ಸಹಿ.

ಅಕ್ಕ ಮಲಗಿದ ಆ ರಾತ್ರಿಯಿಂದ ಭಾವ ಹೊಸ್ತಿಲು ದಾಟಿಲ್ಲ.