ಹತ್ತಿಕಾಳು ಕಡಿದ ಹಲ್ಲು

ಆದೋನಿಯ ಹಲ್ಲಿನ ಆಸ್ಪತ್ರೆಯೊಂದರಲ್ಲಿ ನನ್ನ ಪಕ್ಕ ಹತ್ತಿ ವ್ಯಾಪಾರಿಯೊಬ್ಬರು ಹೆಂಡತಿಯೊಂದಿಗೆ ಕುಳಿತಿದ್ದರು. ಎರಡು ವರ್ಷದ ಹಿಂದೆ ಅವರು ಇಲ್ಲೇ ಕೆಳದವಡೆಯ ಮುಂದುಗಡೆ, ಎಲುಬಿಗೆ ಸ್ಕ್ರೂ ಕೂರಿಸಿ ಹಾಕಿಸಿದ್ದ ಇಂಪ್ಲಾಂಟ್ ಹಲ್ಲು ಅಲುಗಾಡುತ್ತಿತ್ತು. ಅವರು ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡೇ ಮಾತಾಡುತ್ತಿದ್ದರು.

"ಬೀಡಿ ಸೇದ್ತೀರೇನು, ಸಕ್ಕರೆ ಕಾಯಿಲೆ ಐತೇನು ಅಂತ ಕೇಳ್ತಾರ. ಎರಡೂ ಇಲ್ಲ ಅಂತೀನಿ."

"ಏನು ಕಡೀತೀರಿ ಅಂತ ಕೇಳಿದ್ರ?"

"ಮೆಲ್ಲಕ ಮಾತಾಡು. ಮಂದಿ ಅದಾರ."

"ಹೋದ ವಾರ ಇಲ್ಲೇ ಮಂದಿ ಮುಂದ ಡಾಕ್ಟರಮ್ಮಗ ಕೆಲಸಾನೇ ಬರಲ್ಲ ಅಂದ್ರಲ್ರಿ!"

ಅವರು ಕರವಸ್ತ್ರವನ್ನು ಇನ್ನಷ್ಟು ಒತ್ತಿ ಹಿಡಿದರು. ಹೆಂಡತಿ ಬಿಡಲಿಲ್ಲ.

"ಎಲುಬು ಸಣ್ಣದೈತಿ, ಅದಕ್ಕ ಸಣ್ಣ ಸ್ಕ್ರೂ ಹಾಕೀನಿ, ಗಟ್ಟಿ ಕಡೀಬ್ಯಾಡ್ರಿ ಅಂತ ಆಕಿ ಮೂರು ಸಲ ಹೇಳಿದ್ಳು."

"ಚಕ್ಕುಲಿ ಬಿಟ್ಟೀನಿ. ಕಬ್ಬು ಬಿಟ್ಟೀನಿ."

"ಹತ್ತಿಕಾಳು?"

"ಅದು ತಿನ್ನೋದಲ್ಲ, ಕಡಿದು ಉಗಿಯೋದು. ಕಟ್ ಅಂತ ಮುರಿದ್ರ ಹತ್ತಿ ಒಣಗೈತಿ, ಇಲ್ಲಂದ್ರ ಹಸಿ."

"ತೇವ ನೋಡಾಕ ಮಿಷನ್ ಐತಲ್ಲ."

"ಮಿಷನ್ ಹಿಡಿದ್ರ ಮಾರ್ಕೆಟ್ ಯಾರ್ಡಿನಾಗ ನಗ್ತಾರ. ನಮ್ಮಪ್ಪನ ಕಾಲದಿಂದ ನಮ್ಮ ಹಲ್ಲೇ ಮಿಷನ್."

"ದಿನಕ್ಕ ಎಷ್ಟು ಕಾಳು?"

"ನಲವತ್ತು. ಸೀಜನ್ನಾಗ ನೂರು."

"ಅಯ್ಯೋ ಶಿವನೇ! ಆಕಿಗೆ ಹೇಳ್ರಿ. ಹೇಳದಿದ್ರ ಹೊಸಾದೂ ಹಿಂಗೇ ಹೋಗ್ತೈತಿ."

"ಬೈದ ಬಾಯಿಲೇ ಹೆಂಗ ಹೇಳ್ಲಿ?"

ಒಳಗಿನಿಂದ ನರ್ಸ್ ತೆಲುಗಿನಲ್ಲಿ ಅವರನ್ನು ಕರೆದಳು: "ಉರುಕುಂದಪ್ಪಗಾರೂ!"

ಅವರು ಅಂಗಿ ಜೇಬಿನಿಂದ ಒಂದು ಹತ್ತಿಕಾಳು ತೆಗೆದು ಹೆಂಡತಿಯ ಕಡೆ ಚಾಚಿದರು.

"ಇದನ್ನ ತೋರಿಸಿ ನೀನೇ ಹೇಳು."

"ಬೈಯಾಕ ನೀವು, ತಪ್ಪಾತು ಅನ್ನಾಕ ನಾನಾ?"

ಉರುಕುಂದಪ್ಪ ಕರವಸ್ತ್ರ ಮಡಚಿ ಜೇಬಿಗಿಟ್ಟರು. ಕಾಳನ್ನು ಮುಷ್ಟಿಯಲ್ಲಿ ಹಿಡಿದು ಒಬ್ಬರೇ ಒಳಗೆ ಹೋದರು.