ನಮ್ಮ ಆಸ್ಪತ್ರೆಯಲ್ಲಿ ಇಲ್ಲದ ಕೋಟು

ಎಲ್ಲರಿಗೂ ನಮಸ್ಕಾರ. ತೀರಿಕೊಂಡ ನಮ್ಮ ಅಕ್ಕನ ಯಜಮಾನರಿಗೆ, ಅತ್ತೆಯವರಿಗೆ, ಮಗಳಿಗೆ — ನಿಮಗೆ ಏನು ಹೇಳಬೇಕೋ ನನಗೆ ತಿಳಿಯದು. ತಿಳಿದವರು ಆಗಲೇ ಹೇಳಿದ್ದಾರೆ. "ತುಂಬಲಾರದ ನಷ್ಟ" ಎಂದು ಮೂರು ಜನ ಹೇಳಿದರು. ನಾನು ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವನು, ಅಂಥ ಮಾತು ಬಾಯಿಗೆ ಬರುವುದಿಲ್ಲ. ಈ ಆಸ್ಪತ್ರೆಯ ಲಾಂಡ್ರಿಯಲ್ಲಿ ನಾನು ಬಾಯ್ಲರ್ ನೋಡುವವನು, ಅವಳು ಬಟ್ಟೆ ಮಡಿಸುವವಳು. ಒಂದೇ ಕೋಣೆಯ ಹಬೆ ಕುಡಿದವರು. ಅಷ್ಟೇ.

ಅವಳನ್ನು ನಾವೆಲ್ಲ 'ಹತ್ತು ಗಂಟೆ ಅಕ್ಕ' ಎನ್ನುತ್ತಿದ್ದೆವು. ನನಗೆ ತಂಗಿಯ ವಯಸ್ಸು, ಆದರೂ ನನಗೂ ಅಕ್ಕನೇ. ಯಾಕೆ ಆ ಹೆಸರು ಗೊತ್ತೇ? ಬೆಳಿಗ್ಗೆ ಆರಕ್ಕೇ ಬರುತ್ತಿದ್ದಳು. ಆದರೆ ಬೆರಳು — ಹೀಗೆ, ನೋಡಿ, ಹೀಗೆ ಮುದುರಿಕೊಂಡಿರುತ್ತಿದ್ದವು. ಬಟ್ಟೆ ಹಾಳಾಗಲಿ, ಟೀ ಲೋಟ ಹಿಡಿಯಲೂ ಆಗುತ್ತಿರಲಿಲ್ಲ. ಇಸ್ತ್ರಿಯಾಗಿ ಬಂದ ಬಿಸಿ ಬಟ್ಟೆಯ ರಾಶಿಯೊಳಗೆ ಎರಡೂ ಕೈ ತೂರಿಸಿ ಕೂರುತ್ತಿದ್ದಳು. ಹತ್ತರ ಹೊತ್ತಿಗೆ ಬೆರಳು ಬಿಚ್ಚಿಕೊಳ್ಳುತ್ತಿದ್ದವು. ಆಮೇಲೆ ಅವಳ ಕೈಗೆ ಸಾಟಿಯಿಲ್ಲ.

"ಏನಕ್ಕಾ, ಅಂಗಡಿ ಇನ್ನೂ ತೆಗ್ದಿಲ್ವಾ?" ಎಂದು ಹುಡುಗಿಯರು ರೇಗಿಸುತ್ತಿದ್ದರು.

"ದೊಡ್ಡ ದೊಡ್ಡ ಆಫೀಸೇ ಹತ್ತಕ್ಕೆ ತೆಗೆಯೋದು ಕಣ್ರೇ. ನನ್ನ ಕೈಗೇನು ಅವಸರ?"

ನಗಬಹುದು, ನಗಿ. ಅವಳೂ ನಗುತ್ತಿದ್ದಳು. ಆದರೆ ಅವಳ ಗ್ರಹಚಾರ ಅಲ್ಲೇ ಇತ್ತು. ಡಾಕ್ಟರ ಹತ್ತಿರ ಸರದಿ ಬರುವುದು ಹನ್ನೊಂದಕ್ಕೋ ಹನ್ನೆರಡಕ್ಕೋ. ಅಷ್ಟರಲ್ಲಿ ಬೆರಳು ಬಿಚ್ಚಿಕೊಂಡಿರುತ್ತಿದ್ದವು. ಮೂಳೆ ಡಾಕ್ಟರು ಬೆರಳು ಮಡಚಿ ನೋಡಿ, "ಚೆನ್ನಾಗೇ ಇದೆಯಲ್ಲಮ್ಮ, ದುಡಿಮೆ ನೋವು" ಎಂದರು. ಕೆನ್ನೆ ಕೆಂಪಾಯಿತು — ಚರ್ಮದ ಡಾಕ್ಟರು ಮುಲಾಮು ಕೊಟ್ಟರು. ಕೂದಲು ಉದುರಿತು — ಚಿಂತೆ ಬಿಡು ಎಂದರು. ಬಾಯಿ ತುಂಬ ಹುಣ್ಣು — ಖಾರ ಬಿಡು ಎಂದರು. ಒಬ್ಬರು ಕೈ ನೋಡಿದರು, ಒಬ್ಬರು ಕೆನ್ನೆ ನೋಡಿದರು. ಅವಳನ್ನು ಯಾರೂ ನೋಡಲಿಲ್ಲ. ಮುಂದಿನ ಸಾಲಿನಲ್ಲಿ ದೊಡ್ಡ ಡಾಕ್ಟರುಗಳು ಕೂತಿದ್ದೀರಿ. ಬೇಜಾರಾದರೆ ಆಗಲಿ ಸ್ವಾಮಿ. ನನಗೂ ಆಗಿದೆ.

ವರ್ಷಗಟ್ಟಲೆ ಹೀಗೇ ಹೋಯಿತು. ಕೊನೆಗೆ ಕಾಲು ಊದಿತು. ಹೊಸದಾಗಿ ಬಂದ ಲೇಡಿ ಡಾಕ್ಟರೊಬ್ಬರು ಹಳೆಯ ಚೀಟಿಗಳನ್ನೆಲ್ಲ ಒಟ್ಟಿಗೆ ಹರಡಿಕೊಂಡು ಕೂತು ಹೇಳಿದರು: ಇವೆಲ್ಲ ಬೇರೆ ಬೇರೆ ಕಾಯಿಲೆಯಲ್ಲ, ಒಂದೇ. ಮೈಯನ್ನು ಕಾಯಬೇಕಾದ ಶಕ್ತಿಯೇ ಮೈಯನ್ನು ತಿನ್ನುತ್ತಿದೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ. ಕಿಡ್ನಿಗೂ ಬಾಯಿ ಹಾಕಿದೆ. ಇದಕ್ಕೆ ಬೇರೆಯೇ ತಜ್ಞರು — ರುಮ — ರುಮಟಾಲಜಿಸ್ಟ್ ಅಂತೆ. "ನಮ್ಮಲ್ಲಿಲ್ಲ. ಬೇಗ ಹುಡುಕಿ" ಎಂದರು.

ನಮ್ಮಲ್ಲಿಲ್ಲ ಎಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಡಾಕ್ಟರುಗಳ ಕೋಟು ಮಡಿಸುವವಳು ಅವಳೇ. ಕಾಲರಿನ ಒಳಗೆ ವಿಭಾಗದ ಹೆಸರು ಹೊಲಿದಿರುತ್ತದೆ: ಮೂಳೆ, ಹೃದಯ, ಕಣ್ಣು, ಮಕ್ಕಳು. ಆದರೂ ಅವತ್ತಿನಿಂದ ಒಂದೊಂದೇ ಕಾಲರು ತಿರುವಿ ನೋಡುತ್ತಿದ್ದಳು.

"ಹುಚ್ಚೀ, ಇಲ್ಲ ಅಂದ್ರಲ್ಲ!" ಎಂದು ಗದರಿದೆ.

"ಇರ್ಲಿ ಅಣ್ಣ. ಯಾರಾದ್ರೂ ಹೊಸಬರು ಬಂದಿದ್ರೆ?"

ಬರಲಿಲ್ಲ.

ದೂರದ ದೊಡ್ಡ ಆಸ್ಪತ್ರೆಯಲ್ಲಿ ಒಬ್ಬರಿದ್ದರು. ಇಷ್ಟು ಊರುಗಳಿಗೆಲ್ಲ ಅವರೊಬ್ಬರೇ. ಯಜಮಾನರು ಹೋಗಿ ಹೆಸರು ಬರೆಸಿದರು. ಬೇಗ ಬೇಕಿತ್ತು ಎಂದದ್ದಕ್ಕೆ, "ಎಲ್ಲರಿಗೂ ಬೇಗಾನೇ ಬೇಕು, ಕಾಯಿರಿ" ಎಂದರಂತೆ. ಕಾದಳು. ಲೇಡಿ ಡಾಕ್ಟರು ತಮಗೆ ತಿಳಿದ ಮಾತ್ರೆ ಕೊಟ್ಟು ಹಿಡಿದಿಟ್ಟರು, ಅವರದೇನೂ ತಪ್ಪಿಲ್ಲ. ಅವಳು ಕಾದಳು. ಕಿಡ್ನಿ ಕಾಯಲಿಲ್ಲ.

ನಿನ್ನೆ — ನಿನ್ನೆ ಲಾಂಡ್ರಿಗೆ ಫೋನು ಬಂತು. ಹೆಸರು ಬರೆಸುವಾಗ ನಮ್ಮ ನಂಬರನ್ನೂ ಕೊಟ್ಟಿದ್ದರಂತೆ. "ಬರೋ ಗುರುವಾರ ನಿಮ್ಮ ಸರದಿ. ಹಳೇ ರಿಪೋರ್ಟೆಲ್ಲ ತನ್ನಿ."

"ಆಯಮ್ಮ ಹೋಗ್ಬಿಟ್ಳು ತಾಯಿ" ಎಂದೆ. ಆ ಕಡೆಯ ಹುಡುಗಿ, ಹಾಗಾದರೆ ಹೆಸರು ಹೊಡೆದುಹಾಕುತ್ತೇನೆ ಎಂದಳು. ನಮ್ಮ ಲಾಂಡ್ರಿಯಲ್ಲಿ ಇನ್ನೊಬ್ಬಳಿಗೂ ಈಗ ಬೆಳಿಗ್ಗೆ ಬೆರಳು ಮುದುರುತ್ತವೆ. ಯಾರೆಂದು ಹೇಳುವುದಿಲ್ಲ, ಇಲ್ಲೇ ಕೂತಿದ್ದಾಳೆ. "ಆ ಜಾಗಕ್ಕೆ ಅವಳನ್ನ ಕರ್ಕೊಂಡ್ ಬರ್ಲಾ?" ಎಂದು ಕೇಳಿದೆ.

"ಹಾಗೆಲ್ಲ ಆಗಲ್ಲ ಅಂಕಲ್. ಅವರ ಹೆಸರು ಹೊಸದಾಗಿ ಬರೆಸ್ಬೇಕು."

ಬರೆಸಿದೆ. ಸರದಿ ಯಾವಾಗ ಎಂದು ಕೇಳಲಿಲ್ಲ.

ಇವಳ ಸಾವು ನಮಗೊಂದು ಪಾಠವಾಗಲಿ ಎಂದು ಯಾರೋ ಹೇಳಿದಿರಿ. ಆಗುವುದಿಲ್ಲ. ನಾಳೆಯೂ ಕೋಟುಗಳು ಬರುತ್ತವೆ, ಕಾಲರಿನಲ್ಲಿ ಅವೇ ಹೆಸರು. ಸುಳ್ಳು ಸಮಾಧಾನ ನನ್ನಿಂದಾಗದು.

ಈಗ ಎಲ್ಲರೂ ಎದ್ದು ನಿಂತು ಮೌನವಾಗಿರೋಣ. ಆದರೆ — ದಡಕ್ಕನೆ ಏಳಬೇಡಿ. ಅವಳು ಬೆಳಿಗ್ಗೆ ಸ್ಟೂಲಿನಿಂದ ಏಳುತ್ತಿದ್ದ ಹಾಗೆ ಏಳಿ. ಬೆರಳು ಊರಬೇಡಿ, ಬೆರಳು ಬರುವುದಿಲ್ಲ. ಮುಂದಿನ ಕುರ್ಚಿಯ ಬೆನ್ನಿಗೆ ಮುಂಗೈ ಊರಿ. ಒಂದು ಮಂಡಿ — ತಡೆಯಿರಿ — ಆಮೇಲೆ ಇನ್ನೊಂದು. ಕೊನೆಯವರು ಏಳುವವರೆಗೂ ಮೌನ ಶುರುವಾಗುವುದಿಲ್ಲ. ಡಾಕ್ಟರೇ, ನೀವೂ.

ಅವಸರ ಬೇಡ. ಕಾಯೋಣ.