ಜೀವಲಿಬೆನ್‌ಗೆ ನಾನು ಕೊಟ್ಟ ಮಣ್ಣಿನ ಬಟ್ಟಲು

ಸೂರತ್ತಿನ ಕನ್ನಡ ಬಂಧುಗಳೇ, ಮಡದಿಯನ್ನು ಕಳೆದುಕೊಂಡ ಶ್ರೀಪಾದರಾಯರೇ, ತಾಯಿಯನ್ನು ಕಳೆದುಕೊಂಡ ಮಗಳೇ ರಜನಿ — ನಿಮ್ಮ ದುಃಖದ ಮುಂದೆ ತಲೆಬಾಗುತ್ತೇನೆ.

ಇಂದುಮತಿಯವರು ವಿಮಾ ಕಚೇರಿಯಲ್ಲಿ ಒಂಬತ್ತು ವರ್ಷ ನನ್ನ ಪಕ್ಕದ ಮೇಜಿನಲ್ಲಿದ್ದರು. ಭಾನುವಾರ ಬಂತೆಂದರೆ ಪಾಂಡೇಸರಾದ ಹೊಲಗಳಿಗೆ ಹೊರಟುಬಿಡುತ್ತಿದ್ದರು. ಅಲ್ಲಿ ಒಡೆಯರು ಕೂಲಿಯವರನ್ನು 'ಕಾಳಿಪರಜ್' ಅನ್ನುತ್ತಾರೆ — ಕರಿಯ ಜನ. ತಾವು 'ಉಜಳಿಪರಜ್' — ಬಿಳಿಯರು! ಬಿಸಿಲಲ್ಲಿ ಬೆಂದವನ ಮೈಬಣ್ಣವೇ ಅವನ ತಪ್ಪು! 'ಅವ್ರಿಗೆ ಹೆಸರಿಲ್ಲೇನ್ರೀ? ಹೆಸರು ಹಿಡಿದು ಕರೀರಿ' ಎಂದು ಒಡೆಯರ ಅಂಗಳದಲ್ಲೇ ನಿಂತು ಜಗಳವಾಡಿದವರು ನಮ್ಮ ಧಾರವಾಡದ ಈ ಹೆಣ್ಣುಮಗಳು.

ಇವತ್ತು ಎಲ್ಲರೂ ಅವರನ್ನು ಹೊಗಳಿದಿರಿ. ಹೊಗಳಲು ನನಗೆ ಬಾಯಿ ಏಳುವುದಿಲ್ಲ — ಒಂದು ತಪ್ಪು ಹೇಳಿಕೊಳ್ಳಬೇಕಿದೆ.

ಅರವತ್ತಮೂರನೇ ಇಸವಿಯ ಮಾತು. ಜೀವಲಿಬೆನ್ ಎಂಬ ಕೂಲಿ ಹೆಂಗಸಿನ ಗಂಡ ಬೇರೆಯವರ ಹೊಲಕ್ಕೆ ಕೆಲಸಕ್ಕೆ ಹೋದ. ಹಳೆಯ ಒಡೆಯ ಅವನ ಕೈ ಮುರಿಸಿದ. ಸೋಮವಾರ ಆಕೆ ಅಧಿಕಾರಿಯ ಮುಂದೆ ಹೇಳಿಕೆ ಕೊಡಬೇಕು. ಧೈರ್ಯಕ್ಕೆ ನಮ್ಮ ಸಂಘದ ಹತ್ತು ಜನ ಜೊತೆಗೆ ಹೋಗಬೇಕು. ಒಪ್ಪಿದ್ದೆವು. ಹಿಂದಿನ ದಿನ ಇಂದುಮತಿ ಆಕೆಯನ್ನು ಸಂಘಕ್ಕೆ ಕರೆತಂದರು. ನಾವಾಗ ಠರಾವು ಪಾಸು ಮಾಡುತ್ತಿದ್ದೆವು — ಏನು ಠರಾವು? ದಕ್ಷಿಣ ಆಫ್ರಿಕಾದ ವರ್ಣಭೇದವನ್ನು ಖಂಡಿಸಿ! ಬರೆದವನು ಕಾರ್ಯದರ್ಶಿಯಾದ ನಾನೇ. ಓದಿದೆ, ಚಪ್ಪಾಳೆ ಗಿಟ್ಟಿಸಿಕೊಂಡೆ, ಆಮೇಲೆ ಕಾಫಿ ಹಂಚಿದೆ. ನಿಮಗೆಲ್ಲ ಹಿತ್ತಾಳೆ ಲೋಟ. ಜೀವಲಿಬೆನ್‌ಗೆ — ಮಣ್ಣಿನ ಬಟ್ಟಲು. ಇಲ್ಲಿಯ ಮನೆಗಳ ಸೂರಿನಡಿ ಆಳುಗಳಿಗೆಂದು ಬೇರೆ ಇಟ್ಟಿರುತ್ತಾರಲ್ಲ, ಅಂಥದ್ದು. ಇಲ್ಲಿಗೆ ಬಂದು ಕಲಿತೆವು ಅನ್ನಬೇಡಿ — ಊರಿನಿಂದಲೇ ಕಲಿತು ಬಂದಿದ್ದೆವು.

ಇಂದುಮತಿ ಠರಾವು ಕೈಗೆತ್ತಿಕೊಂಡರು. 'ಇದನ್ನ ಎಲ್ಲಿಗ್ರೀ ಕಳಸೂದು, ವೆಂಕಟಾಚಲ?'

'ದಿಲ್ಲಿಗೆ. ಅಲ್ಲಿಂದ ಆಫ್ರಿಕಾಕ್ಕೆ.'

'ಛಲೋ ಆತು. ಆಫ್ರಿಕಾಕ್ಕಾದ್ರ ಟಪಾಲು ಚೀಟಿ ಹಚ್ಚಿದ್ರ ಮುಗೀತು. ಪಾಂಡೇಸರಾಕ್ಕ ಕಾಲು ಸವಸಬೇಕಲ್ರೀ!'

ನೀವು ನಕ್ಕಿರಿ. ನಾನೂ ನಕ್ಕೆ. ಜೀವಲಿಬೆನ್ ಕಾಫಿ ಮುಟ್ಟದೆ ಎದ್ದುಹೋದರು.

ಸೋಮವಾರ ಆಕೆ ಬರಲಿಲ್ಲ. ಕರೆಯಲು ಹೋದ ಇಂದುಮತಿಗೆ ಹೇಳಿದರಂತೆ: 'ಬೆನ್, ಒಡೆಯನ ಮನೆಯಲ್ಲೂ ನನಗೆ ಅದೇ ಬಟ್ಟಲು. ನಿಮ್ಮವರು ನನ್ನ ಪರ ನಿಲ್ಲುತ್ತಾರೆ ಅಂತ ಹೇಗೆ ನಂಬಲಿ?' ದೂರು ಬಿದ್ದುಹೋಯಿತು. ನಾವು ಹತ್ತು ಜನ ಅಧಿಕಾರಿಯ ಬಾಗಿಲಲ್ಲಿ ಗಡಿಯಾರ ನೋಡಿ — 'ಇವರ ಹಣೆಬರಹವೇ ಇಷ್ಟು' ಎಂದು ಮನೆಗೆ ಬಂದೆವು.

ಆ ನಂಬಿಕೆಯನ್ನು ಮತ್ತೆ ಗಳಿಸಲು ಇಂದುಮತಿಗೆ ನಾಲ್ಕು ವರ್ಷ ಹಿಡಿಯಿತು. ಕಾಮಾಲೆ ಹತ್ತಿದ ಮೇಲೂ ಪಾಂಡೇಸರಾಕ್ಕೆ ನಡೆದರು. ದೂರು ಮತ್ತೆ ತೆರೆದಿದೆ. ನಾಳೆ ಹನ್ನೊಂದಕ್ಕೆ ಜೀವಲಿಬೆನ್ ಹೇಳಿಕೆ ಕೊಡುತ್ತಾರೆ. ಪಕ್ಕದಲ್ಲಿ ನಿಲ್ಲಬೇಕಾದವರು ಹೋಗಿಬಿಟ್ಟರು. ನಾನು ಹೋಗುತ್ತೇನೆ — ಆಕೆ ಬೇಡವೆಂದರೆ ಬೀದಿಯಲ್ಲಿ ನಿಂತಿರುತ್ತೇನೆ. ಬರುವವರು ಬನ್ನಿ.

ಈಗ ಎಲ್ಲರೂ ಎದ್ದು ನಿಲ್ಲಿ. ಎರಡು ನಿಮಿಷ ಮೌನ. ಅಭ್ಯಾಸವಿದೆಯಲ್ಲ ನಮಗೆ — ನಾಲ್ಕು ವರ್ಷ ಸುಮ್ಮನಿದ್ದವರು.